ಸವೆದ ಅಮೆರಿಕನ್ ತಾಮ್ರ ನಾಣ್ಯಗಳು (1785–1788): ಗುರುತು ಹಿಡಿಯುವುದು ಹೇಗೆ, ದರ್ಜೆ ಹಾಕುವುದು ಹೇಗೆ

ಸವೆದಕಾಸು:

ತಾಮ್ರದ ನಾಣ್ಯವೊಂದರ ಬಗ್ಗೆ ಕೇಳಬೇಕಿತ್ತು. ವ್ಯಾಸ 27.6 ಮಿ.ಮೀ., ತೂಕ 7.41 ಗ್ರಾಂ, ಅಂಚು ಸಾದಾ. ಮುಂಬದಿಯಲ್ಲಿ ಬಲಕ್ಕೆ ಮುಖ ಮಾಡಿದ ತಲೆ, ಎದೆಯ ಮೇಲೆ ಕವಚದಂಥ ಗೆರೆಗಳು. ಹಿಂಬದಿಯಲ್ಲಿ ಕೂತ ಹೆಣ್ಣಿನ ಆಕೃತಿ, ತೀರಾ ಮಸುಕು. ಇಸವಿ ಕಾಣುವುದಿಲ್ಲ. ತಲೆಯ ಬದಿಯ ಬರಹದಲ್ಲಿ ಎಡಗಡೆ ಆರು ಅಕ್ಷರಗಳ ಜಾಗ ಇದ್ದಂತಿದೆ. ಬಲಗಡೆ ಕೊನೆಯಲ್ಲಿ ಒಂದು ನೇರ ಗೆರೆ ಮಾತ್ರ ಸ್ಪಷ್ಟ. ಜೊತೆಗೆ ಬಂದ ಚೀಟಿಯಲ್ಲಿ ‘ಕನೆಕ್ಟಿಕಟ್ 1787, ಗುಡ್’ ಎಂದಿದೆ. ಚೀಟಿಯನ್ನು ನಂಬಬಹುದೇ? ಒಂದು ಬದಿ ಚೆನ್ನಾಗಿದ್ದು ಇನ್ನೊಂದು ಬದಿ ಇಷ್ಟು ಅಳಿಸಿಹೋಗಲು ಏನು ಕಾರಣ? ಕುತ್ತಿಗೆಯ ಹತ್ತಿರ ಹಸಿರು ಕಿಲುಬಿನ ಚುಕ್ಕೆಯೂ ಇದೆ. ತೊಳೆಯಬೇಕೇ?

ಅಚ್ಚುಗಾರ:

ಮೊದಲು ತೊಳೆಯಬೇಡಿ. ಕಿಲುಬಿನ ಮಾತು ಕೊನೆಗಿರಲಿ. ಚೀಟಿಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

1780ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಹೊಡೆಸಿದ ತಾಮ್ರದ ನಾಣ್ಯಗಳಲ್ಲಿ ಹಲವು ಬ್ರಿಟಿಷ್ ಅರ್ಧಪೆನ್ನಿಯ ಮಾದರಿಯನ್ನೇ ಹಿಡಿದವು. ಜನ ಆ ಗಾತ್ರಕ್ಕೆ, ಆ ರೂಪಕ್ಕೆ ಒಗ್ಗಿಹೋಗಿದ್ದರು. ಅದಕ್ಕೇ ಒಂದು ಬದಿ ತಲೆ, ಇನ್ನೊಂದು ಬದಿ ಕೂತ ಹೆಣ್ಣು ಅಂದಾಕ್ಷಣ ಐದು ಸಾಧ್ಯತೆಗಳು ಎದುರಿಗೆ ಬರುತ್ತವೆ: ಕನೆಕ್ಟಿಕಟ್, ವರ್ಮಾಂಟ್, ನ್ಯೂಯಾರ್ಕಿನ ನೋವಾ ಎಬೊರಾಕ್, ಅಸಲಿ ಬ್ರಿಟಿಷ್ ಅರ್ಧಪೆನ್ನಿ, ಅದರ ಖೋಟಾ. ಸವೆದ ಮೇಲೆ ಐದೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಇಸವಿ ಹುಡುಕುತ್ತ ಕೂರುವುದು ದಂಡ. ಅದು ಹಿಂಬದಿಯ ತಳದಲ್ಲಿ, ಅಂಚಿಗೆ ಅಂಟಿಕೊಂಡು ಇರುತ್ತದೆ. ಬಿಲ್ಲೆ (ಅಚ್ಚು ಹೊಡೆಯುವ ಮುಂಚಿನ ಬೋಳು ತಾಮ್ರದ ತುಂಡು) ಸ್ವಲ್ಪ ಸರಿದಿದ್ದರೆ ಹೊಡೆಯುವಾಗಲೇ ಹೊರಗುಳಿದಿರುತ್ತದೆ, ಒಳಗೆ ಬಿದ್ದಿದ್ದರೂ ಬೇಗ ಸವೆಯುತ್ತದೆ. ಬರಹದ ಅಕ್ಷರಗಳನ್ನು ಓದಲಾಗದಿದ್ದರೂ ಎಣಿಸಬಹುದು. ತಲೆಯ ಬದಿಯಲ್ಲಿ ಕೆಳಗಿನ ಎಡದಿಂದ ಶುರುಮಾಡಿ ನೋಡಿ:

ಕನೆಕ್ಟಿಕಟ್‌ನಲ್ಲಿ ಎಡಕ್ಕೆ ‘ಆಕ್ಟೋರಿ’ (ಲ್ಯಾಟಿನ್ ಲಿಪಿಯಲ್ಲಿ ಏಳು ಅಕ್ಷರ), ಬಲಕ್ಕೆ ‘ಕನೆಕ್’ (ಆರು). ಕೊನೆಯ ಅಕ್ಷರ ಸಿ, ದುಂಡಗೆ.
ಬ್ರಿಟಿಷ್ ನಾಣ್ಯದಲ್ಲಿ ಎಡಕ್ಕೆ ‘ಜಾರ್ಜಿಯಸ್’ (ಎಂಟು), ಬಲಕ್ಕೆ ಮೂರು ನೇರ ಗೆರೆ, ಆಮೇಲೆ ‘ರೆಕ್ಸ್’. ಕೊನೆಯದು ಎಕ್ಸ್. ಆ ಮೂರು ಗೆರೆ ಎಷ್ಟು ಸವೆದರೂ ಗುರುತು ಸಿಗುತ್ತವೆ.
ನೋವಾ ಎಬೊರಾಕ್‌ನಲ್ಲಿ ಎಡಕ್ಕೆ ನಾಲ್ಕೇ ಅಕ್ಷರ, ಬಲಕ್ಕೆ ಆರು, ಕೊನೆ ಸಿ.
ವರ್ಮಾಂಟ್‌ನಲ್ಲಿ ಎಡಕ್ಕೆ ‘ವರ್ಮಾನ್’ (ಆರು), ಬಲಕ್ಕೆ ‘ಆಕ್ಟೋರಿ’. ಕೊನೆಯದು ಐ, ಅಂದರೆ ಒಂಟಿ ನೇರ ಗೆರೆ. 1786ರ ಕೆಲವು ಅಚ್ಚುಗಳಲ್ಲಿ ಈ ಎರಡು ಪದಗಳ ಕ್ರಮ ಹಿಂದುಮುಂದು, ಅದು ನೆನಪಿರಲಿ.

ನೀವು ಬರೆದದ್ದು ಎಡಕ್ಕೆ ಆರು, ಬಲದ ತುದಿಯಲ್ಲಿ ನೇರ ಗೆರೆ. ಚೀಟಿ ಏನೇ ಹೇಳಲಿ, ವರ್ಮಾಂಟ್ ಕಡೆಗೆ ಹೋಗುತ್ತಿದೆ. ಆದರೆ ‘ಇದ್ದಂತಿದೆ’ ಅಂದರೆ ಸಾಲದು, ಬೆಳಕು ಸರಿಮಾಡಿ ಮತ್ತೆ ನೋಡಿ.

ಕೋಣೆ ಕತ್ತಲಿರಲಿ, ದೀಪ ಒಂದೇ ಇರಲಿ. ದೀಪವನ್ನು ನಾಣ್ಯದ ಮಟ್ಟದಿಂದ 10–15 ಡಿಗ್ರಿ ಮಾತ್ರ ಮೇಲಿಡಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ದೀಪ, ಕ್ಯಾಮೆರಾ ಎರಡೂ ಅಲ್ಲಾಡದಂತೆ ನಿಲ್ಲಿಸಿ ನಾಣ್ಯವನ್ನು 45 ಡಿಗ್ರಿಯಷ್ಟು ತಿರುಗಿಸುತ್ತ ಎಂಟು ಫೋಟೊ ತೆಗೆಯಿರಿ. ತಿರುಗಿಸದೆ ನಡೆಯುವುದಿಲ್ಲ: ಅಕ್ಷರದ ಗೆರೆ ಬೆಳಕು ಬರುವ ದಿಕ್ಕಿಗೇ ಸಮಾನಾಂತರವಾಗಿದ್ದರೆ ಅದಕ್ಕೆ ನೆರಳೇ ಬೀಳುವುದಿಲ್ಲ, ಇದ್ದ ಅಕ್ಷರವೂ ಇಲ್ಲದಂತೆ ಕಾಣುತ್ತದೆ. ಫೋಟೊಗಳನ್ನು ಕಪ್ಪುಬಿಳುಪು ಮಾಡಿ ನೋಡಿ, ಕಿಲುಬಿನ ಬಣ್ಣ ಕಣ್ಣಿಗೆ ಮೋಸ ಮಾಡುವುದು ತಪ್ಪುತ್ತದೆ. ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) 10 ಪಟ್ಟಿನದು ಸಾಕು. ಬರಹಕ್ಕಾದರೆ 5 ಪಟ್ಟಿನದೇ ವಾಸಿ. ಹೆಚ್ಚು ದೊಡ್ಡದು ಮಾಡಿದರೆ ಗುಳಿಗಳು ಕಾಣುತ್ತವೆ, ಅಕ್ಷರದ ಆಕಾರ ಕಳೆದುಹೋಗುತ್ತದೆ.

ತಕ್ಕಡಿ:

ತೂಕದ ವಿಷಯ ಸೇರಿಸುತ್ತೇನೆ. ಈ ನಾಣ್ಯಗಳ ಲೆಕ್ಕ ಗ್ರೈನ್‌ನಲ್ಲಿ; 1 ಗ್ರೈನ್ ಅಂದರೆ 0.0648 ಗ್ರಾಂ. ನಿಮ್ಮ 7.41 ಗ್ರಾಂ ಸುಮಾರು 114 ಗ್ರೈನ್ ಆಯಿತು.

ಕಾಗದದ ಮೇಲಿನ ಪ್ರಮಾಣಗಳು ಹೀಗಿವೆ. ಕನೆಕ್ಟಿಕಟ್ 144 ಗ್ರೈನ್ (9.33 ಗ್ರಾಂ), ನ್ಯೂಜೆರ್ಸಿ 150 (9.72 ಗ್ರಾಂ), ಮ್ಯಾಸಚುಸೆಟ್ಸ್ ಸೆಂಟ್ ಮತ್ತು ಫ್ಯೂಜಿಯೊ ಸೆಂಟ್ (ರಾಜ್ಯದ್ದಲ್ಲ, ಇಡೀ ಒಕ್ಕೂಟದ 1787ರ ನಾಣ್ಯ) 157.5 (10.2 ಗ್ರಾಂ). ವರ್ಮಾಂಟ್‌ನಲ್ಲಿ 1785ರ ಜೂನ್‌ನಲ್ಲಿ ರೂಬೆನ್ ಹಾರ್ಮನ್‌ಗೆ ಪರವಾನಗಿ ಕೊಟ್ಟಾಗ 160 ಗ್ರೈನ್ ಅಂದಿದ್ದರು, ಅದೇ ವರ್ಷ ಅಕ್ಟೋಬರ್‌ನಲ್ಲಿ 111 ಗ್ರೈನಿಗೆ (7.19 ಗ್ರಾಂ) ಇಳಿಸಿದರು. ಅಸಲಿ ಬ್ರಿಟಿಷ್ ಅರ್ಧಪೆನ್ನಿ ಒಂದು ಪೌಂಡ್ ತಾಮ್ರಕ್ಕೆ 46ರಂತೆ, ಅಂದರೆ 152 ಗ್ರೈನ್ ಆಸುಪಾಸು.

114 ಗ್ರೈನ್ ವರ್ಮಾಂಟಿಗೆ ಹೊಂದುತ್ತದೆ, ಖೋಟಾ ಅರ್ಧಪೆನ್ನಿಗೂ ಹೊಂದುತ್ತದೆ, 1787–88ರ ಹಗುರ ಕನೆಕ್ಟಿಕಟ್‌ಗೂ ಹೊಂದುತ್ತದೆ. ತೂಕ ಒಂದರಿಂದಲೇ ನಾಣ್ಯದ ಹೆಸರು ಹೇಳುವವರ ಮಾತು ಕೇಳಬೇಡಿ. ಬಿಲ್ಲೆಗಳನ್ನು ಒಂದೊಂದಾಗಿ ತೂಗುತ್ತಿರಲಿಲ್ಲ. ಇಂತಿಷ್ಟು ಪೌಂಡಿಗೆ ಇಂತಿಷ್ಟು ಎಂಬ ಲೆಕ್ಕ ಅಷ್ಟೇ. ಒಂದೇ ಅಚ್ಚಿನ ಎರಡು ನಾಣ್ಯಗಳ ನಡುವೆ 20–30 ಗ್ರೈನ್ ವ್ಯತ್ಯಾಸ ಬಂದರೆ ಆಶ್ಚರ್ಯ ಪಡಬೇಕಾಗಿಲ್ಲ. ಸವೆತದಿಂದ ಕಡಿಮೆಯಾಗುವ ತೂಕ ಜನ ಅಂದುಕೊಂಡಷ್ಟು ಇರುವುದೂ ಇಲ್ಲ. ಚಿತ್ರ ಪೂರ್ತಿ ಅಳಿದರೂ ಬಿಲ್ಲೆಯ ಬಹುಪಾಲು ತಾಮ್ರ ಹಾಗೇ ಉಳಿದಿರುತ್ತದೆ. ತೂಕ ಬಳಕೆಗೆ ಬರುವುದು ಅನುಮಾನ ಹುಟ್ಟಿಸಲು. 170 ಗ್ರೈನ್ ತೂಗುವ ‘ವರ್ಮಾಂಟ್’ ಸಿಕ್ಕರೆ ಒಳಗೆ ಸೀಸ ಇದೆಯೇ ಎಂದು ನೋಡಬೇಕು.

ನ್ಯೂಹೇವನ್‌ಕನ್ನಡಿಗ:

ಚೀಟಿಯಲ್ಲಿ ಕನೆಕ್ಟಿಕಟ್ 1787 ಎಂದು ಏಕೆ ಬಂತು ಎಂಬುದಕ್ಕೆ: ತಲೆ ಮತ್ತು ಕೂತ ಹೆಣ್ಣು ಇರುವ ಅಮೆರಿಕನ್ ತಾಮ್ರದಲ್ಲಿ ಅತಿ ಹೇರಳವಾಗಿ ಸಿಗುವುದು ಅದೇ. ಓದಲಾಗದ್ದಕ್ಕೆಲ್ಲ ಆ ಹೆಸರು ಬರೆದುಬಿಡುತ್ತಾರೆ. 1787ರ ಕನೆಕ್ಟಿಕಟ್‌ಗಳಲ್ಲಿ ಹೆಚ್ಚಿನವು ಎಡಕ್ಕೆ ಮುಖ, ಹೊದ್ದ ವಸ್ತ್ರದ ಎದೆ. ನಿಮ್ಮದು ಬಲಕ್ಕೆ ಮುಖ, ಕವಚದ ಎದೆ. ಕನೆಕ್ಟಿಕಟ್‌ನಲ್ಲಿ ಬಲಮುಖದ ಕವಚದ ತಲೆ ಹೆಚ್ಚಾಗಿ ಬರುವುದು 1785ರಲ್ಲಿ. ಆ ವರ್ಷ ವಸ್ತ್ರದ ಎದೆ ಇಲ್ಲವೇ ಇಲ್ಲ. ಹಾಗಾಗಿ ಇಸವಿ ಅಳಿದ ಕನೆಕ್ಟಿಕಟ್ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು ಎರಡೇ: ಮುಖ ಯಾವ ಕಡೆಗೆ, ಎದೆಯ ಮೇಲೆ ಕವಚವೋ ವಸ್ತ್ರವೋ.

ಅಲ್ಲಿಂದ ಮುಂದೆ ಕನೆಕ್ಟಿಕಟ್ ಅಚ್ಚುಗಳನ್ನು ಪಟ್ಟಿ ಮಾಡಿದ ಹೆನ್ರಿ ಮಿಲ್ಲರ್ ಕ್ರಮ. ಮುಂಬದಿಗೆ ಅಂಕಿ, ಹಿಂಬದಿಗೆ ಅಕ್ಷರ. ‘33.2-ಝಡ್.5’ ಅಂದರೆ ಮುಂಬದಿ ಅಚ್ಚು 33.2, ಹಿಂಬದಿ ಅಚ್ಚು ಝಡ್.5. ನಾಲ್ಕು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜೋಡಿಗಳಿವೆ. 33ರ ಗುಂಪೊಂದರಲ್ಲೇ ಹತ್ತಾರು ಉಪವಿಧ. ಇಷ್ಟಾಗಲು ಕಾರಣ, ಒಂದೊಂದು ಅಚ್ಚಿನಲ್ಲೂ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಒತ್ತುತ್ತಿದ್ದರು. ತಲೆಯ ಚಿತ್ರಕ್ಕೆ ನ್ಯೂಹೇವನ್‌ನ ಏಬಲ್ ಬ್ಯುಯೆಲ್ ಮಾಡಿದಂಥ ಮೂಲಮುದ್ರೆಗಳು (ಅಚ್ಚಿನೊಳಗೆ ಇಡೀ ಚಿತ್ರವನ್ನು ಒಮ್ಮೆಗೇ ಒತ್ತುವ ಮುದ್ರೆಗಳು) ಬಂದ ಮೇಲೆ ತಲೆಗಳು ಒಂದೇ ರೀತಿ ಆದವು. ಅಕ್ಷರಗಳ ಅಂತರ, ಓರೆ, ನಡುವಿನ ಚುಕ್ಕೆ-ಹೂ-ನಕ್ಷತ್ರ ಮಾತ್ರ ಅಚ್ಚಿನಿಂದ ಅಚ್ಚಿಗೆ ಬೇರೆ. ಆದ್ದರಿಂದ ತಲೆಯನ್ನು ನೋಡಿ ವಿಧ ಹೇಳಲಾಗದು. ತಲೆಯ ಯಾವ ಬಿಂದು ಯಾವ ಅಕ್ಷರದ ಎದುರಿಗೆ ಬರುತ್ತದೆ ಎಂಬುದನ್ನು ನೋಡಿ ಹೇಳಬೇಕು.

ಮೂಗಿನ ತುದಿಯಿಂದ ನೇರ ಗೆರೆ ಎಳೆದರೆ ಯಾವ ಅಕ್ಷರಕ್ಕೆ ತಾಗುತ್ತದೆ, ಎಲೆಮುಕುಟದ ಮೇಲಿನ ಎಲೆ ಯಾವ ಎರಡು ಅಕ್ಷರಗಳ ನಡುವೆ ನಿಲ್ಲುತ್ತದೆ, ಹಿಂಬದಿಯಲ್ಲಿ ಕೈಯಲ್ಲಿರುವ ಕೊಂಬೆಯ ತುದಿ ಯಾವ ಅಕ್ಷರದ ಕೆಳಗೆ ಬರುತ್ತದೆ: ಇಂಥ ಮೂರು ಅಳತೆ ಖಚಿತವಾಗಿ ಸಿಕ್ಕರೆ ಬಹಳಷ್ಟು ಅಚ್ಚುಗಳನ್ನು ಬದಿಗೆ ಸರಿಸಬಹುದು. ಅಕ್ಷರ ಓದಲು ಬರದಿದ್ದರೂ ಅದರ ಬುಡ ಎಲ್ಲಿದೆ ಎಂಬುದು ಉಳಿದಿರುತ್ತದೆ.

ಒಂದೊಂದು ಕಡೆ ಅಚ್ಚಿನ ಒಡಕೇ ಸಹಾಯಕ್ಕೆ ಬರುತ್ತದೆ. 1787ರ ಮಿಲ್ಲರ್ 4-ಎಲ್‌ಗೆ ‘ಕೊಂಬಿನ ಎದೆ’ ಎಂಬ ಹೆಸರು ಬಂದದ್ದು ಎದೆಯ ಮುಂದೆ ಅಚ್ಚು ಒಡೆದು ಮೂಡಿದ ದಪ್ಪ ಉಬ್ಬಿನಿಂದ. ಅದು ಕೂದಲಿಗಿಂತ, ಅಕ್ಷರಕ್ಕಿಂತ ಎತ್ತರ. ಉಳಿದದ್ದೆಲ್ಲ ಸವೆದ ನಾಣ್ಯದಲ್ಲೂ ಕೊಂಬು ನಿಂತಿರುತ್ತದೆ.

ಸವೆದಕಾಸು:

ಹೇಳಿದಂತೆ ಅಡ್ಡಬೆಳಕಿನಲ್ಲಿ ನೋಡಿದೆ. ಮುಂಬದಿ ಎಡಗಡೆ ಆರು ಅಕ್ಷರ ಖಚಿತ. ಮೂರನೆಯದು ಆರ್, ನಾಲ್ಕನೆಯದು ಎಂ. ಬಲಗಡೆ ಕೊನೆಗೆ ಆರ್, ಐ. ಹಿಂಬದಿಯಲ್ಲಿ ಹೆಣ್ಣು ಎಡಕ್ಕೆ ಮುಖ ಮಾಡಿದ್ದಾಳೆ. ಈ ನಾಣ್ಯಗಳ ಹಿಂಬದಿಯ ಮಾಮೂಲು ಬರಹ ‘ಇಂಡೆ ಎಟ್ ಲಿಬ್’ ಇರಬೇಕೆಂದು ಹುಡುಕಿದೆ, ಸಿಗಲಿಲ್ಲ. ಎಡಗಡೆ ಶುರುವಿನಲ್ಲಿ ಎರಡು ಹೊಟ್ಟೆಯ ಅಕ್ಷರದ ಛಾಯೆ ಇದೆ, ಅದರ ನಂತರ ಅಕ್ಷರಗಳು ಒತ್ತೊತ್ತಾಗಿ ಇವೆ. ಇದೇನು?

ಅಚ್ಚುಗಾರ:

ಸಿಕ್ಕಿತು. ಎರಡು ಹೊಟ್ಟೆಯ ಅಕ್ಷರ ಬಿ. ಹಿಂಬದಿಯ ಬರಹ ‘ಬ್ರಿಟಾನಿಯಾ’. ನಿಮ್ಮದು 1787ರ ವರ್ಮಾಂಟ್, ರೈಡರ್ 13 (ವರ್ಮಾಂಟ್ ವಿಧಗಳ ರೈಡರ್ ಪಟ್ಟಿಯಲ್ಲಿ 13ನೆಯದು).

‘ಇಂಡೆ’ಯಾದರೆ ಎಡಗಡೆ ನಾಲ್ಕೇ ಅಕ್ಷರ, ಅಗಲಗಲ. ‘ಬ್ರಿಟಾನಿಯಾ’ ಲ್ಯಾಟಿನ್ ಲಿಪಿಯಲ್ಲಿ ಒಂಬತ್ತು ಅಕ್ಷರ, ಅದಕ್ಕೇ ಒತ್ತು. ವರ್ಮಾಂಟ್ ಹೆಸರಿನ ಮುಂಬದಿಗೆ ಬ್ರಿಟನ್ನಿನ ಹಿಂಬದಿ ಜೋಡಿಯಾದದ್ದು ಹೀಗೆ: ಖೋಟಾ ಅರ್ಧಪೆನ್ನಿಗೆ ಮಾಡಿದ್ದ ಅಚ್ಚನ್ನೇ ವರ್ಮಾಂಟ್ ಮುಂಬದಿಯ ಜೊತೆ ಹಾಕಿ ಹೊಡೆದಿದ್ದಾರೆ. ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್ ಬಳಿ ಥಾಮಸ್ ಮೆಚಿನ್ ನಡೆಸುತ್ತಿದ್ದ ಟಂಕಸಾಲೆಗೂ ವರ್ಮಾಂಟ್ ನಾಣ್ಯಕ್ಕೂ ಇದ್ದ ನಂಟಿಗೆ ಈ ಜೋಡಿಯನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ.

ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಈ ಹಿಂಬದಿ ಅಚ್ಚು ಹೊಸ ನಾಣ್ಯದ ಮೇಲೂ ಮಸುಕಾಗಿಯೇ ಮೂಡುತ್ತಿತ್ತು. ಖೋಟಾ ಹೊಡೆಯುವವರು ನಾಣ್ಯ ಹೊಸದಾಗಿ ಕಾಣಬಾರದು, ಚಲಾವಣೆಯಲ್ಲಿ ಸವೆದಂತೆ ಕಾಣಬೇಕು ಎಂದು ಅಚ್ಚನ್ನೇ ಆಳವಿಲ್ಲದಂತೆ ಮಾಡುತ್ತಿದ್ದರು. ಅಂದರೆ ಹಿಂಬದಿ ಹಾಳಾದದ್ದು ಯಾರ ಜೇಬಿನಲ್ಲೂ ಅಲ್ಲ.

ಈಗ ಖಚಿತಪಡಿಸಿಕೊಳ್ಳಿ. ರೈಡರ್ 13ರ ಒಳ್ಳೆಯ ಚಿತ್ರವೊಂದನ್ನು ತೆಗೆದುಕೊಂಡು ನಿಮ್ಮ ಫೋಟೊದ ಮೇಲೆ ಪಾರದರ್ಶಕ ಪದರವಾಗಿ ಕೂರಿಸಿ. ಅಳತೆ ಹೊಂದಿಸುವಾಗ ನಾಣ್ಯದ ಅಂಚನ್ನು ಅಂಚಿಗೆ ಕೂರಿಸಬೇಡಿ. ಬಿಲ್ಲೆಗಳ ವ್ಯಾಸ ಒಂದೇ ಇರಲಿಲ್ಲ, ಚಿತ್ರ ನಡುವಿಗೆ ಬಿದ್ದಿರುತ್ತದೆ ಎಂಬ ಖಾತರಿಯೂ ಇಲ್ಲ. ಗದ್ದದ ತುದಿಯಿಂದ ಎದೆಯ ಕೆಳ ತುದಿಯವರೆಗಿನ ದೂರ ಹೊಂದಿಸಿ, ಆಮೇಲೆ ಅಕ್ಷರಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡಿ. ಎರಡು ಅಕ್ಷರ ಕೂತು ಮೂರನೆಯದು ಅರ್ಧ ಅಕ್ಷರದಷ್ಟು ಸರಿದರೆ ಅದು ಬೇರೆ ಅಚ್ಚು. ‘ಸುಮಾರಾಗಿ ಹೊಂದುತ್ತದೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಕುದುರೆತಲೆ:

ನಡುವೆ ಒಂದು ಪ್ರಶ್ನೆ. ನ್ಯೂಜೆರ್ಸಿ ತಾಮ್ರದಲ್ಲಿ ಇದೇ ಥರ ಗೊಂದಲ. ಒಂದು ಬದಿ ಕುದುರೆ ತಲೆ, ನೇಗಿಲು. ಇನ್ನೊಂದು ಬದಿ ಗುರಾಣಿ. ಆದರೆ ಗುರಾಣಿಯ ಪಟ್ಟೆಗಳ ನಡುವೆ ಬೇರೆ ಅಕ್ಷರಗಳು ಅಡ್ಡಡ್ಡ ಕಾಣುತ್ತವೆ. ತೂಕ 128 ಗ್ರೈನ್. ಇದನ್ನು ಪೆಟ್ಟು ಬಿದ್ದ ನಾಣ್ಯ ಎಂದು ದರ್ಜೆ ಇಳಿಸಬೇಕೇ?

ತಕ್ಕಡಿ:

ಇಳಿಸಬಾರದು. ಅದು ಮೇಲೊತ್ತು. ಬೇರೆ ನಾಣ್ಯವನ್ನೇ ಬಿಲ್ಲೆಯಾಗಿ ಇಟ್ಟು ಅದರ ಮೇಲೆ ನ್ಯೂಜೆರ್ಸಿ ಅಚ್ಚು ಹೊಡೆದಿದ್ದಾರೆ. ನ್ಯೂಜೆರ್ಸಿ ವಿಧಗಳ ಮಾರಿಸ್ ಪಟ್ಟಿಯ 56-ಎನ್, ಅಂದರೆ ‘ಒಂಟೆ ತಲೆ’ ಎಂದು ಕರೆಯುವ ವಿಧದಲ್ಲಿ ಇದು ಸಾಮಾನ್ಯ. ಕೆಳಗಿನ ನಾಣ್ಯ ಹೆಚ್ಚಾಗಿ ಕನೆಕ್ಟಿಕಟ್. ನ್ಯೂಜೆರ್ಸಿ ತಾಮ್ರ ತನ್ನ ರಾಜ್ಯದಲ್ಲಿ ಬೇರೆ ತಾಮ್ರಕ್ಕಿಂತ ಚೆನ್ನಾಗಿ ನಡೆಯುತ್ತಿತ್ತು, ಹಗುರದ ನಾಣ್ಯಕ್ಕೆ ಕುದುರೆ ತಲೆ ಹೊಡೆದರೆ ಲಾಭ ಉಳಿಯುತ್ತಿತ್ತು. ಹೀಗಾಗಿ ನಿಮ್ಮ 128 ಗ್ರೈನ್ ನ್ಯೂಜೆರ್ಸಿಯ ತೂಕವೇ ಅಲ್ಲ, ಕೆಳಗಿನ ನಾಣ್ಯದ್ದು. 150ಕ್ಕೆ ಹೋಲಿಸಬೇಡಿ.

ಕೆಳಗಿನ ನಾಣ್ಯ ಯಾವುದೆಂದು ನೋಡಲು ಗುರಾಣಿಯನ್ನು ಮರೆತು, ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತ ಅಂಚಿನ ಸುತ್ತ ಮಾತ್ರ ನೋಡಿ. ಹೊಸ ಅಚ್ಚಿನ ಒತ್ತಡ ಅಂಚಿನ ಬಳಿ ಕಡಿಮೆ ಬಿದ್ದ ಕಡೆ ಹಳೆಯ ಅಕ್ಷರಗಳು ಉಳಿದಿರುತ್ತವೆ.

ಮಾರಿಸ್ ಸಂಖ್ಯೆ ಹಿಡಿಯುವಾಗ ಮೊದಲ ಜರಡಿ: ಕುದುರೆ ಎಡಕ್ಕೆ ನೋಡುತ್ತಿದ್ದರೆ ಅದು 1788, 49-ಎಫ್, 50-ಎಫ್, 51-ಜಿ ಈ ಮೂರರಲ್ಲಿ ಒಂದು. ಬರಹದ ಶುರುವಿನಲ್ಲಿ ಓಡುವ ಪುಟ್ಟ ಪ್ರಾಣಿ ಇದ್ದರೆ ‘ಓಡುವ ನರಿ’ ಗುಂಪು, ಅದೂ 1788. ನೇಗಿಲಿನ ಮುಂದಿನ ಕತ್ತಿ ಇಲ್ಲದಿದ್ದರೆ 1786ರ ಕೆಲವೇ ಅಚ್ಚುಗಳಿಗೆ ಇಳಿಯುತ್ತದೆ. ಈ ನಾಣ್ಯಗಳ ಒಂದು ಅನುಕೂಲ, ಗುರಾಣಿ ದೊಡ್ಡದು, ನಡುವಿನಲ್ಲೇ ಇದೆ, ಎಷ್ಟು ಸವೆದರೂ ರಾಜ್ಯ ಯಾವುದೆಂಬ ಸಂಶಯ ಬರುವುದಿಲ್ಲ. ‘ಇ ಪ್ಲುರಿಬಸ್ ಉನಮ್’ ಎಂಬ ಧ್ಯೇಯವಾಕ್ಯ ಮೊದಲು ಬಂದ ಅಮೆರಿಕನ್ ನಾಣ್ಯವೂ ಇದೇ.

ದರ್ಜೆಗಣ್ಣು:

ಈಗ ದರ್ಜೆಗೆ ಬರೋಣ. ಸವೆದಕಾಸು ಅವರ ಚೀಟಿಯಲ್ಲಿ ‘ಗುಡ್’ ಎಂದಿದೆ, ಅಂದರೆ 70ರ ಮಾಪನದಲ್ಲಿ 4. ಅದು ಎರಡೂ ಬದಿಯ ಸರಾಸರಿ ತೆಗೆದು ಹಾಕಿದ ಅಂಕಿ. ರೈಡರ್ 13ಕ್ಕೆ ಹಾಗೆ ಹಾಕಿದರೆ ತಪ್ಪು. ಹಿಂಬದಿ ಹುಟ್ಟಿನಿಂದಲೇ ಮಸುಕಾಗಿರುವಾಗ ಮುಂಬದಿಯಿಂದಲೇ ಸವೆತ ಅಳೆಯಬೇಕು.

ವಿಲಿಯಂ ಶೆಲ್ಡನ್ 1949ರಲ್ಲಿ ಹೊರತಂದ 1ರಿಂದ 70ರ ಮಾಪನ ಮೂಲತಃ 1793–1814ರ ದೊಡ್ಡ ಸೆಂಟ್‌ಗಳಿಗೆ ಮಾಡಿದ್ದು. ಅವು ಫೆಡರಲ್ ಟಂಕಸಾಲೆಯ ನಾಣ್ಯಗಳು. ರಾಜ್ಯಗಳ ತಾಮ್ರಕ್ಕೆ ಅದೇ ಅಂಕಿಗಳನ್ನು ಬಳಸುವಾಗ ಅಚ್ಚು, ಬಿಲ್ಲೆ, ಸವೆತ ಈ ಮೂರನ್ನೂ ಬಿಡಿಸಿ ನೋಡಬೇಕು. ಇಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ.

ಬಿಡಿಸುವುದು ಹೀಗೆ. ಬಲಮುಖದ ತಲೆಯಲ್ಲಿ ಕಿವಿಯ ಮೇಲಿನ ಕೂದಲು, ಕೆನ್ನೆ, ಭುಜ ಇವು ಎತ್ತರದ ಜಾಗ, ಮೊದಲು ಸವೆಯುತ್ತವೆ. ಅಲ್ಲಿ ಲೂಪ್ ಇಡಿ. ಸವೆದಿದ್ದರೆ ಮೇಲ್ಮೈ ನುಣ್ಣಗೆ, ಪಕ್ಕದ ತಗ್ಗಿಗೆ ಮೆತ್ತಗೆ ಇಳಿಯುತ್ತದೆ, ಬಣ್ಣವೂ ಸುತ್ತಲಿಗಿಂತ ತುಸು ತಿಳಿ. ಅಚ್ಚೇ ಮುಟ್ಟದೆ ಖಾಲಿ ಉಳಿದದ್ದಾದರೆ ಅಲ್ಲಿ ಬಿಲ್ಲೆಯ ಮೂಲ ಗೀರುಗಳು, ಸೂಜಿಮೊನೆಯ ಗುಳಿಗಳು ಇರುತ್ತವೆ. ಪಕ್ಕದ ಅಕ್ಷರ ಮಾತ್ರ ಚೂಪಾಗಿರುತ್ತದೆ. ಚೂಪಾದ ಅಕ್ಷರದ ಪಕ್ಕದಲ್ಲೇ ಬೋಳು ಕೆನ್ನೆ ಇದ್ದರೆ ಸವೆತವನ್ನು ದೂರುವುದಕ್ಕೆ ಮುಂಚೆ ಯೋಚಿಸಿ. ಇನ್ನೊಂದು ಪರೀಕ್ಷೆ: ಬೋಳಾದ ಜಾಗದ ನೇರ ಹಿಂದೆ ಇನ್ನೊಂದು ಬದಿಯಲ್ಲಿ ಏನಿದೆ ನೋಡಿ. ತಲೆಯ ಆಳವಾದ ಗುಂಡಿಗೆ ತಾಮ್ರ ಹರಿದರೆ ಹಿಂಬದಿಯ ನಡುವಿಗೆ ಸಾಲದೆ ಬರುತ್ತದೆ. ಎರಡು ಬದಿಯ ಖಾಲಿಗಳೂ ಬೆನ್ನಿಗೆ ಬೆನ್ನು ಬಂದರೆ ಅದು ಹೊಡೆತದ ದೌರ್ಬಲ್ಯ.

ಬಿಲ್ಲೆಯ ದೋಷ ಬೇರೆ. ಕಚ್ಚಾ ತಾಮ್ರದಲ್ಲಿ ಕಲ್ಮಶ ಸೇರಿ, ತಗಡು ಉರುಳಿಸುವಾಗ ಪದರ ಬಿಟ್ಟು ಉದ್ದನೆಯ ಸೀಳು ಬರುತ್ತದೆ. ಅದರ ದಿಕ್ಕು ಎರಡೂ ಬದಿಯಲ್ಲಿ ಒಂದೇ ಇರುವುದು ಸಾಮಾನ್ಯ. ಆಮೇಲೆ ಬಿದ್ದ ಗೀರು ಅಕ್ಷರವನ್ನು ಕುಯ್ದುಕೊಂಡು ಹೋಗುತ್ತದೆ, ಅದರ ಎರಡೂ ದಡದಲ್ಲಿ ತಾಮ್ರ ಎದ್ದಿರುತ್ತದೆ. ಬಿಲ್ಲೆಯ ಸೀಳಿಗೆ ಎದ್ದ ದಡ ಇರುವುದಿಲ್ಲ. ಟಿಪ್ಪುವಿನ ಆನೆ ಪೈಸೆಗಳನ್ನು ನೋಡಿ ಅಭ್ಯಾಸ ಇದ್ದವರಿಗೆ ಇದು ಸುಲಭವಾಗಿ ಹಿಡಿಯುತ್ತದೆ, ಅವೂ ಹೆಚ್ಚುಕಡಿಮೆ ಅದೇ ಕಾಲದ ತಾಮ್ರ.

ಸವೆತದ ಅಂಕಿ ಒರಟಾಗಿ ಹೇಳುವುದಾದರೆ: ತಲೆಯ ಹೊರಗೆರೆ, ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಇದ್ದರೆ 3, ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಗುರುತು ಸಿಕ್ಕಿ ತಲೆಯೊಳಗೆ ಏನೂ ಇಲ್ಲದಿದ್ದರೆ 4ರಿಂದ 6, ಬರಹ ಹೆಚ್ಚುಕಡಿಮೆ ಪೂರ್ತಿ ಓದಿಸಿಕೊಂಡು ಎಲೆಮುಕುಟದ ಛಾಯೆ ಕಂಡರೆ 8, ಕೂದಲಲ್ಲಿ ಕೆಲವು ಗೆರೆ, ಕವಚದ ಪಟ್ಟಿ ಬಿಡಿಬಿಡಿಯಾಗಿ ಕಂಡರೆ 12, ಎಲೆಗಳು ಒಂದೊಂದೂ ಬೇರೆಯಾಗಿ ನಿಂತರೆ 20. ಕವಚದ ಗೆರೆಗಳು ಕಾಣುತ್ತವೆ ಎಂದು ಸವೆದಕಾಸು ಅವರು ಮೊದಲೇ ಬರೆದಿದ್ದಾರೆ. ಬರಹ ಪೂರ್ತಿ ಸಿಗುತ್ತಿಲ್ಲ. ಮುಂಬದಿ 8 ಎಂದು ನನ್ನ ಅಂದಾಜು, ಅಂಚಿನ ಬಳಿ ಸ್ವಲ್ಪ ಉದಾರವಾಗಿ ನೋಡಿದರೆ 10.

ಇದು ಚೂಪಿನ, ಅಂದರೆ ಚಿತ್ರ ಎಷ್ಟು ಸ್ಪಷ್ಟವಾಗಿ ಉಳಿದಿದೆ ಎಂಬುದರ ಅಂಕಿ ಮಾತ್ರ. ಇದರಿಂದ ಮೇಲ್ಮೈಯ ದೋಷ ಕಳೆಯಬೇಕು. ಹಳೆ ಅಮೆರಿಕನ್ ತಾಮ್ರದ ಸಂಗ್ರಾಹಕರ ಸಂಘ, ಅಂದರೆ ಇಎಸಿ (1967ರಿಂದ ಇದೆ), ಬಳಸುವ ಪದ್ಧತಿ ಇದೇ: ಮೊದಲು ಚೂಪು, ಆಮೇಲೆ ಗುಳಿ, ಗೀರು, ಕಿಲುಬು ಲೆಕ್ಕಹಾಕಿ ನಿವ್ವಳ. ಜೊತೆಗೆ ಮೇಲ್ಮೈಗೆ ಚಾಯ್ಸ್ (ಉತ್ತಮ), ಆವರೇಜ್ (ಸಾಧಾರಣ), ಸ್ಕಡ್ಜಿ (ಕಳಪೆ) ಎಂಬ ಮೂರು ಮಾತು. ‘ಚೂಪು 8, ಕುತ್ತಿಗೆ ಬಳಿ ಕಿಲುಬು, ನಿವ್ವಳ 6’ ಎಂದು ಬರೆದರೆ ಓದಿದವರಿಗೆ ನಾಣ್ಯ ಕಣ್ಣೆದುರು ಬರುತ್ತದೆ.

ನ್ಯೂಹೇವನ್‌ಕನ್ನಡಿಗ:

ದರ್ಜೆಗಣ್ಣು ಅವರೇ, ಚೂಪಿನ ಬಗ್ಗೆ ಒಪ್ಪುತ್ತೇನೆ, ನಿವ್ವಳದ ಬಗ್ಗೆ ತಕರಾರಿದೆ. ಒಬ್ಬರು ಗುಳಿಗೆ 2 ಕಳೆಯುತ್ತಾರೆ, ಇನ್ನೊಬ್ಬರು 5 ಕಳೆಯುತ್ತಾರೆ. ನಿವ್ವಳ 6 ಎಂಬ ಒಂದೇ ಅಂಕಿಯಲ್ಲಿ ಸವೆದು ನುಣುಪಾದ ಒಳ್ಳೆಯ ನಾಣ್ಯವೂ ಬರುತ್ತದೆ, ಚೂಪು 15 ಇದ್ದು ನೆಲದಲ್ಲಿ ಕೊರೆದುಹೋದ ನಾಣ್ಯವೂ ಬರುತ್ತದೆ. ಎರಡೂ ಬೇರೆ ಬೇರೆ ವಸ್ತು. ನಾಣ್ಯಗಳಿಗೆ ದರ್ಜೆ ಹಾಕುವ ಕಂಪನಿಗಳಾದ ಪಿಸಿಜಿಎಸ್, ಎನ್‌ಜಿಸಿಯವರು ಕೊರೆದ ನಾಣ್ಯಕ್ಕೆ ‘ಡೀಟೇಲ್ಸ್’ ಎಂದು ಬರೆದು ಅಂಕಿಯನ್ನೇ ಕೊಡದಿರುವುದು ಈ ಕಾರಣಕ್ಕೆ ವಾಸಿ ಅನ್ನಿಸುತ್ತದೆ.

ದರ್ಜೆಗಣ್ಣು:

ಅದಕ್ಕೇ ನಿವ್ವಳವನ್ನು ಒಂಟಿಯಾಗಿ ಬರೆಯಬಾರದು. ಚೂಪು, ಕಾರಣ, ನಿವ್ವಳ ಮೂರೂ ಒಟ್ಟಿಗೆ ಇರಬೇಕು, ಕಾರಣ ಇಲ್ಲದ ನಿವ್ವಳ ಬರೀ ಅಭಿಪ್ರಾಯ. ‘ಡೀಟೇಲ್ಸ್’ನ ತೊಂದರೆ ನೋಡಿ: ರಾಜ್ಯಗಳ ತಾಮ್ರದಲ್ಲಿ ಸ್ವಲ್ಪವೂ ಗುಳಿ ಇಲ್ಲದ ಮೇಲ್ಮೈ ಅಪರೂಪ. 1789ರಲ್ಲಿ ನ್ಯೂಯಾರ್ಕಿನಲ್ಲಿ ತಾಮ್ರದ ಬೆಲೆ ಕುಸಿದ ಮೇಲೂ ಈ ನಾಣ್ಯಗಳು ಸೆಂಟಿನ ಜಾಗದಲ್ಲಿ ವರ್ಷಗಟ್ಟಲೆ ಓಡಾಡಿದವು. ನಾಲ್ಕು ಗುಳಿ ಇರುವುದಕ್ಕೂ ನಲವತ್ತು ಗುಳಿ ಇರುವುದಕ್ಕೂ ಅದೇ ಒಂದು ಪದ ಹಾಕಿದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಎಲ್ಲ ತಾಮ್ರಕ್ಕೂ ಒಂದೇ ನಿರೀಕ್ಷೆ ಇಟ್ಟುಕೊಳ್ಳಬೇಡಿ. 1773ರ ವರ್ಜೀನಿಯಾ ಅರ್ಧಪೆನ್ನಿ, 1787ರ ಫ್ಯೂಜಿಯೊ ಇವೆರಡೂ ಪೀಪಾಯಿಗಳಲ್ಲಿ ಹೊಸದಾಗಿಯೇ ಉಳಿದು ಸಿಕ್ಕವು, ಆದ್ದರಿಂದ ಮಿನುಗುವ ನಾಣ್ಯಗಳು ಇಂದಿಗೂ ದೊರೆಯುತ್ತವೆ. ವರ್ಮಾಂಟ್, ಕನೆಕ್ಟಿಕಟ್‌ಗಳಿಗೆ ಅಂಥ ನಿಧಿ ಇಲ್ಲ. ಅಲ್ಲಿ 20 ಅಂದರೆ ಒಳ್ಳೆಯ ನಾಣ್ಯ, 8 ಅಂದರೆ ಮರ್ಯಾದಸ್ಥ ನಾಣ್ಯ.

ಕಿಲುಬುವೈದ್ಯೆ:

ಕುತ್ತಿಗೆಯ ಹಸಿರು ಚುಕ್ಕೆಗೆ ಬರುತ್ತೇನೆ. ಮೊದಲನೆಯದಾಗಿ ಹುಣಸೆಹಣ್ಣು, ನಿಂಬೆ, ವಿನೆಗರ್, ಪಾತ್ರೆ ಉಜ್ಜುವ ಪುಡಿ ಯಾವುದೂ ಹತ್ತಿರ ಬರಬಾರದು. ನಮ್ಮ ಮನೆಗಳಲ್ಲಿ ತಾಮ್ರ ಅಂದರೆ ಹುಣಸೆಹಣ್ಣು ಎಂಬುದು ಕೈಗೆ ಬಂದುಬಿಟ್ಟಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಆಮ್ಲ ಕಿಲುಬನ್ನು ಕರಗಿಸುವಾಗ ಮೇಲಿನ ಕಂದು ಪದರವನ್ನೂ ಕರಗಿಸುತ್ತದೆ. ನೆಲದಿಂದ ಬಂದ ನಾಣ್ಯದಲ್ಲಿ ಅಕ್ಷರದ ಆಕಾರ ಉಳಿದಿರುವುದೇ ಆ ಪದರದಲ್ಲಿ. ಪದರ ಹೋದರೆ ಕೆಳಗೆ ಗುಲಾಬಿ ಬಣ್ಣದ ಗುಳಿಬಿದ್ದ ತಾಮ್ರ, ಅಕ್ಷರ ಇರುವುದಿಲ್ಲ. ವಿದ್ಯುತ್ತಿನಿಂದ ಶುಚಿಮಾಡುವ ವಿಧಾನದಲ್ಲೂ ಹೀಗೇ ಆಗುತ್ತದೆ.

ಕ್ರಮ ಹೀಗಿರಲಿ. ಗಾಜಿನ ಮುಚ್ಚಳದ ಬಾಟಲಿಯಲ್ಲಿ ಶುದ್ಧ ಅಸಿಟೋನ್, ನಾಣ್ಯ ಮುಳುಗಿ ಎರಡು ಬೆರಳು ಮೇಲಿರುವಷ್ಟು, ಒಂದು ರಾತ್ರಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತವೆ. ಪ್ಲಾಸ್ಟಿಕ್ ಡಬ್ಬಿಯೂ ಬೇಡ, ಕರಗಿ ನಾಣ್ಯಕ್ಕೆ ಅಂಟಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಅಸಿಟೋನ್ ಜಿಡ್ಡು, ಅಂಟು, ಪಿವಿಸಿಯ ಅಂಟಂಟು ತೆಗೆಯುತ್ತದೆ; ಕಿಲುಬನ್ನು ಮುಟ್ಟುವುದಿಲ್ಲ. ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಒರೆಸಬೇಡಿ, ಮೇಲಿನ ಒಂದು ಕಣ ಮರಳು ಸಾಕು ಕೆನ್ನೆಯ ಮೇಲೆ ಗೀರು ಎಳೆಯಲು.

ಕಿಲುಬಿಗೆ: ಶುದ್ಧ ಖನಿಜ ತೈಲದಲ್ಲಿ ನಾಣ್ಯವನ್ನು ವಾರಗಟ್ಟಲೆ ಮುಳುಗಿಸಿಡಿ. ಆಲಿವ್ ಎಣ್ಣೆ ಕೆಲವರು ಹೇಳುತ್ತಾರೆ, ಅದರಲ್ಲಿ ಸ್ವಲ್ಪ ಆಮ್ಲ ಇರುತ್ತದೆ, ನಾನು ಸೂಚಿಸುವುದಿಲ್ಲ. ಆಮೇಲೆ ಬಿದಿರು ಕಡ್ಡಿಯ ತುದಿಯನ್ನು ಚೂಪು ಮಾಡಿ, ಎಣ್ಣೆಯ ಹನಿ ಇಟ್ಟುಕೊಂಡೇ, ಲೂಪಿನ ಕೆಳಗೆ ಚುಕ್ಕೆಯನ್ನು ಅಂಚಿನಿಂದ ಒಳಕ್ಕೆ ಮೆಲ್ಲಗೆ ಎಬ್ಬಿಸಿ. ಲೋಹದ ಸೂಜಿ ಬೇಡ. ಚುಕ್ಕೆ ಗಟ್ಟಿ ಹಸಿರಾಗಿ, ನಯವಾಗಿದ್ದು, ವರ್ಷಗಳಿಂದ ಹಾಗೇ ಇದ್ದರೆ ಬಿಟ್ಟುಬಿಡುವುದೇ ಮೇಲು. ಪುಡಿಪುಡಿ, ತಿಳಿ ಹಸಿರು, ಮುಟ್ಟಿದರೆ ಉದುರುತ್ತದೆ ಅಂದರೆ ಮಾತ್ರ ಅದು ಬೆಳೆಯುತ್ತಿದೆ, ತೆಗೆಯಬೇಕು. ತೆಗೆದಾಗ ಅಡಿಯಲ್ಲಿ ಗುಳಿ ಇದ್ದೇ ಇರುತ್ತದೆ, ಅದಕ್ಕೆ ಮನಸ್ಸು ಸಿದ್ಧವಾಗಿರಲಿ.

ಇಡುವುದಕ್ಕೆ ಹತ್ತಿಬಟ್ಟೆಯ ಒಳಚೀಲ, ಹೊರಗೆ ಕಾಗದದ ಲಕೋಟೆ, ಡಬ್ಬಿಯಲ್ಲಿ ಸಿಲಿಕಾ ಜೆಲ್. ಮಂಗಳೂರು, ಕಾರವಾರದಂಥ ಕಡಲಂಚಿನಲ್ಲಿರುವವರು ಮಳೆಗಾಲದಲ್ಲಿ ಜೆಲ್ಲನ್ನು ತಿಂಗಳಿಗೊಮ್ಮೆಯಾದರೂ ಬಿಸಿಮಾಡಿ ಒಣಗಿಸಲೇಬೇಕು. ಉಪ್ಪುಗಾಳಿಯ ಕ್ಲೋರೈಡ್ ಮತ್ತು ತೇವ ಸೇರಿದರೆ ನಿಂತಿದ್ದ ಕಿಲುಬು ಮತ್ತೆ ಶುರುವಾಗುತ್ತದೆ.

ತಕ್ಕಡಿ:

ನಕಲಿಗಳ ಬಗ್ಗೆ ಯಾರೂ ಬರೆದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಸವೆದ ರೈಡರ್ 13ಕ್ಕೆ ನಕಲಿಯ ಭಯ ಕಡಿಮೆ, ಆದರೆ ಹಿಗ್ಲಿಯಂಥ (ಕನೆಕ್ಟಿಕಟ್‌ನ ಇನ್ನೂ ಹಳೆಯ ಖಾಸಗಿ ತಾಮ್ರ) ಅಪರೂಪದ ಹೆಸರು ಕೇಳಿದೊಡನೆ ಈ ಪರೀಕ್ಷೆಗಳು ಬೇಕು.

ಎರಕದ ನಕಲಿ: ಅಂಚಿನ ಸುತ್ತ ಬೆಸುಗೆಯ ಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಮೇಲ್ಮೈಯಲ್ಲಿ ಹೊರಕ್ಕೆ ಎದ್ದ ಪುಟ್ಟ ಗುಳ್ಳೆಗಳು. ಕಿಲುಬಿನ ಗುಳಿ ಒಳಕ್ಕೆ ಹೋಗುತ್ತದೆ, ಎರಕದ ಗುಳ್ಳೆ ಹೊರಕ್ಕೆ ಬರುತ್ತದೆ. ಅಸಲಿಯಿಂದ ಎರಕ ತೆಗೆದಾಗ ಲೋಹ ಕುಗ್ಗುವುದರಿಂದ ವ್ಯಾಸವೂ ತುಸು ಕಡಿಮೆ. ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿ ಇದ್ದರೆ ಕನಿಷ್ಠ ಒಂದು ನಕಲಿ.

ಎಲೆಕ್ಟ್ರೋಟೈಪ್: ಎರಡು ತೆಳು ತಾಮ್ರದ ಚಿಪ್ಪು, ನಡುವೆ ಸೀಸ. ಚಿತ್ರ ಅಸಲಿಯಷ್ಟೇ ನಿಖರ, ಆದ್ದರಿಂದ ಅಂಚನ್ನೇ ನೋಡಬೇಕು. ಸಾಂದ್ರತೆ ಅಳೆದರೆ ಸಂಶಯ ತೀರುತ್ತದೆ. ನಾಣ್ಯವನ್ನು ಗಾಳಿಯಲ್ಲಿ ತೂಗಿ, ಆಮೇಲೆ ತೆಳು ದಾರದಲ್ಲಿ ಕಟ್ಟಿ ಬಟ್ಟಿಯಿಳಿಸಿದ ನೀರಿನಲ್ಲಿ ಮುಳುಗಿಸಿ ಎಷ್ಟು ತೂಕ ಕಡಿಮೆಯಾಯಿತು ನೋಡಿ. 7.41 ಗ್ರಾಂ ನಾಣ್ಯಕ್ಕೆ 0.83 ಗ್ರಾಂ ಕಡಿಮೆಯಾದರೆ 7.41 ಭಾಗಿಸು 0.83, ಅಂದರೆ 8.93. ತಾಮ್ರಕ್ಕೆ ಸರಿ. ತಕ್ಕಡಿ 0.01 ಗ್ರಾಂ ಆಚೀಚೆ ತೋರಿಸಿದರೂ ಉತ್ತರ 8.82ರಿಂದ 9.04ರವರೆಗೆ ಓಡಾಡುತ್ತದೆ, ಹಾಗಾಗಿ ಐದಾರು ಸಲ ತೂಗಿ ಸರಾಸರಿ ತೆಗೆಯಿರಿ. ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಉತ್ತರ ಕಡಿಮೆ ಬರುತ್ತದೆ, ನೀರಿಗೆ ಒಂದು ಹನಿ ಪಾತ್ರೆ ಸೋಪಿನ ದ್ರವ ಹಾಕಿದರೆ ಗಾಳಿ ಬಿಡುತ್ತದೆ. ಸೀಸ ತುಂಬಿದ್ದರೆ 9.5ರ ಮೇಲೆ ಹೋಗುವುದುಂಟು. ಅಳತೆ ಮುಗಿದ ಮೇಲೆ ಅಸಿಟೋನ್‌ನಲ್ಲಿ ಅದ್ದಿ ತೇವ ತೆಗೆಯಲು ಮರೆಯಬೇಡಿ.

ಬ್ರಿಟಿಷ್ ಅರ್ಧಪೆನ್ನಿಗೆ ತಕ್ಕಡಿಯೇ ಬೇಡದ ಪರೀಕ್ಷೆ ಇದೆ. ಮೂರನೇ ಜಾರ್ಜ್‌ನ ಅಸಲಿ ಅರ್ಧಪೆನ್ನಿಗಳು ಆ ಕಾಲದಲ್ಲಿ ಬಂದದ್ದು 1770ರಿಂದ 1775ರ ಇಸವಿಯಲ್ಲಿ ಮಾತ್ರ. 1776, 1778, 1787, 1788 ಎಂದಿದ್ದರೆ ಅದು ಖೋಟಾ ಎಂದು ಕಣ್ಣುಮುಚ್ಚಿ ಹೇಳಬಹುದು. ಅಂಚಿನ ಹಲ್ಲುಗಳು ತ್ರಿಕೋನಾಕಾರವಾಗಿದ್ದರೆ ಮೆಚಿನ್ ಟಂಕಸಾಲೆಯದ್ದಿರಬಹುದು ಎಂದು ಆ ಖೋಟಾಗಳ ವಿಧಗಳನ್ನು ಪಟ್ಟಿ ಮಾಡಿದ ವ್ಲಾಕ್ ಕ್ರಮದಲ್ಲಿ ಹುಡುಕಿ. ಇಂಥ ಖೋಟಾ ಈಗ ಅಸಲಿಗಿಂತ ಹೆಚ್ಚು ಬೆಲೆಯದು.

ಸವೆದಕಾಸು:

ಪದರ ಕೂರಿಸಿ ನೋಡಿದೆ. ಮುಂಬದಿಯಲ್ಲಿ ಕಾಣುವ ಅಕ್ಷರಗಳೆಲ್ಲ ರೈಡರ್ 13ರ ಮೇಲೆ ಸರಿಯಾಗಿ ಕೂತವು. ಹಿಂಬದಿಯ ಬಿ ಕೂಡ. ಚುಕ್ಕೆ ಗಟ್ಟಿಯಾಗಿದೆ, ಉದುರುವುದಿಲ್ಲ, ಹಾಗೇ ಬಿಡುತ್ತೇನೆ. ಲಕೋಟೆಯ ಮೇಲೆ ಏನೇನು ಬರೆಯಬೇಕು?

ಅಚ್ಚುಗಾರ:

ಹೀಗೆ ಬರೆಯಿರಿ:

ವರ್ಮಾಂಟ್ 1787, ರೈಡರ್ 13 (ಹಿಂಬದಿ ಬ್ರಿಟಾನಿಯಾ). 7.41 ಗ್ರಾಂ / 114 ಗ್ರೈನ್, 27.6 ಮಿ.ಮೀ. ಚೂಪು 8 (ಮುಂಬದಿಯಿಂದ), ಕುತ್ತಿಗೆಯ ಬಳಿ ಗಟ್ಟಿ ಕಿಲುಬು, ನಿವ್ವಳ 6, ಆವರೇಜ್. ಗುರುತು: ಮುಂಬದಿ ಆರ್, ಎಂ, ಕೊನೆಯ ಆರ್-ಐ, ಹಿಂಬದಿ ಬಿ.

ಕೊನೆಯ ಸಾಲನ್ನು ಬಿಡಬೇಡಿ. ಯಾವ ಅಕ್ಷರಗಳಿಂದ ಗುರುತು ಹಿಡಿದಿರಿ ಎಂದು ಬರೆದಿದ್ದರೆ ಮುಂದೆ ನಾಣ್ಯ ಯಾರ ಕೈಗೆ ಹೋದರೂ ಅವರು ಅದೇ ಜಾಗ ನೋಡಿ ಒಪ್ಪಬಹುದು, ತಿದ್ದಲೂಬಹುದು. ಮುಂಬದಿಯನ್ನು ನೆಟ್ಟಗೆ ಹಿಡಿದು ಬದಿಗೆ ಹೊರಳಿಸಿದಾಗ ಹಿಂಬದಿ ಎಷ್ಟು ಡಿಗ್ರಿ ವಾಲಿದೆ ಎಂಬುದನ್ನೂ ಅಳೆದು ಸೇರಿಸಿ. ಹಳೆಯ ಚೀಟಿಯನ್ನು ಎಸೆಯಬೇಡಿ, ಅದೇ ಲಕೋಟೆಯಲ್ಲಿ ಹೊಸ ಚೀಟಿಯ ಹಿಂದೆ ಇರಲಿ. ತಪ್ಪು ಹೆಸರಿದ್ದರೂ ನಾಣ್ಯ ಎಲ್ಲಿಂದ ಬಂತು ಎಂಬುದಕ್ಕೆ ಅದೊಂದೇ ದಾಖಲೆ.